ಮೂವತ್ತೆರಡನೇ ಸೆಂಟಿಮೀಟರು

ದೋಣಿ ಎಂಜಿನ್ನಿನ ಶಾಫ್ಟಿನಲ್ಲಿ ಬಿರುಕೇ ಇರಲಿಲ್ಲ. ಸೀಮೆಎಣ್ಣೆ ಬಟ್ಟೆಯಲ್ಲಿ ಮೂರು ಸಲ ಒರೆಸಿದರೂ ಇರಲಿಲ್ಲ. ತುದಿಯಿಂದ ಸರಿಯಾಗಿ ಮೂವತ್ತೆರಡು ಸೆಂಟಿಮೀಟರಿಗೆ, ಇಷ್ಟು ದಿನ ಹಿತ್ತಾಳೆ ಬುಶ್ಶಿನ ಕೊಳವೆಯಡಿ ಅಡಗಿದ್ದ ಜಾಗದಲ್ಲಿ, ಸುತ್ತಲೂ ನೀಟಾಗಿ ಕೊರೆದ ಒಂದು ಕಚ್ಚು ಮಾತ್ರ ಹಲ್ಲು ಕಿರಿಯುತ್ತಿತ್ತು.

"ಇದನ್ನ ಯಾರು ಕೊರ್ದಿದ್ದು?" ಅಂದಳು ಹುಡುಗಿ.

ಕನ್ನಡವೂ ಅಲ್ಲಿಯ ಭಾಷೆಯೂ ಬಲ್ಲ ಆಸ್ಪತ್ರೆಯ ನರ್ಸಕ್ಕ ದೋಣಿಯ ಮಿಸ್ತ್ರಿಯನ್ನು ಕೇಳಿ ಉತ್ತರ ತಂದಳು. "ಅವ್ರೇ ಅಂತೆ. ರಬ್ಬರ್ ಉಂಗುರ ಕೂರ್ಸೋಕೆ. ಆರು ವರ್ಷ ಆಯ್ತಂತೆ."

ಹುಡುಗಿಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಕಾಲೇಜಿನ ಸೇವಾ ತಂಡದ ಜೊತೆ ಹತ್ತು ದಿನಕ್ಕೆಂದು ಪರದೇಶಕ್ಕೆ ಬಂದವಳು ಅವಳು. ಉಳಿದವರು ಮಿಷನ್ ಆಸ್ಪತ್ರೆಯ ಗೋಡೆಗೆ ಬಣ್ಣ ಬಳಿಯುತ್ತಿದ್ದರೆ, ಇವಳು ಲ್ಯಾಬಿನ ಅಲ್ಟ್ರಾಸೋನಿಕ್ ಯಂತ್ರ ಹೊತ್ತು ತಂದು 'ಕಬ್ಬಿಣದ ಡಾಕ್ಟ್ರು' ಅನ್ನಿಸಿಕೊಂಡಿದ್ದಳು. ಶಾಫ್ಟಿನ ತುದಿಗೆ ಜೆಲ್ ಬಳಿದು ಪ್ರೋಬ್ ಒತ್ತಿದರೆ ಶಬ್ದ ಲೋಹದೊಳಗೆ ಓಡಿ, ಏನಾದರೂ ಅಡ್ಡ ಸಿಕ್ಕಲ್ಲಿಂದ ವಾಪಸ್ ಬರುತ್ತದೆ. ಮೊನ್ನೆ ಪರದೆಯಲ್ಲಿ ಮೂವತ್ತೆರಡನೇ ಸೆಂಟಿಮೀಟರಿಗೆ ಗೆರೆ ಎದ್ದಿದ್ದೇ ತಡ, "ಬಿರುಕಿದೆ, ಅಲ್ವಾ?" ಎಂದು ಕುಣಿದಿದ್ದಳು. ನರ್ಸಕ್ಕ ಅದನ್ನು ತಿಳಿಸಿದಾಗ ಮಿಸ್ತ್ರಿ ಹೂಂ ಅಂದಿದ್ದ. ರೋಗಿಗಳನ್ನು ಹೊಳೆ ದಾಟಿಸುವ ಆ ದೋಣಿ ನಿಲ್ಲಿಸಬೇಕು ಅಂದಾಗಲೂ ಹೂಂ. ಎರಡು ದಿನದಿಂದ ಹೊಳೆಯಾಚೆಯ ರೋಗಿಗಳು ಸೇತುವೆ ಬಳಸಿ ನಾಲ್ಕು ಗಂಟೆ ಸುತ್ತಿ ಬರುತ್ತಿದ್ದರು. ಕೈಲಾಗದವರು ಬಂದೇ ಇರಲಿಲ್ಲ. ಗುಣವಾದವರು ಮನೆಗೆ ಹೋಗಲಾಗದೆ ಆಸ್ಪತ್ರೆಯ ಜಗಲಿಯಲ್ಲಿ ಬಿದ್ದುಕೊಂಡಿದ್ದರು.

"ಗೊತ್ತಿದ್ದೂ ಯಾಕೆ ಸುಮ್ನಿದ್ರು ಅಂತ ಕೇಳಕ್ಕಾ! ಬಾಯಿಗೆ ಬೀಗ ಹಾಕ್ಕೊಂಡಿದ್ರಾ?"

"ಅದಕ್ಕೆ ಅವ್ರನ್ನ್ಯಾಕೆ ಕೇಳ್ಬೇಕು, ನಾನೇ ಹೇಳ್ತೀನಿ. ದೂರದಿಂದ ಬಂದೋರ ಮುಖಕ್ಕೆ ಹೊಡ್ದಂಗೆ ಇಲ್ಲ ಅನ್ನಲ್ಲ ಇವ್ರು. ಇಲ್ಲಿ ಒಳಗೇನಿದೆ ಅಂತ ನೀನೊಂದ್ಸಲ ಕೇಳಿದ್ಯಾ ತಾಯಿ? ಬರೀ ಹೇಳ್ದೆ."

ಅಷ್ಟರಲ್ಲಿ ತಂಡದ ಮೇಷ್ಟ್ರು ಫೋನ್ ಹಿಡಿದು ಬಂದರು. "ಎಲ್ಲಮ್ಮ ಬಿರುಕು? ಒಂದು ಫೋಟೋ ತೆಗ್ದು ರಿಪೋರ್ಟಿಗೆ ಹಾಕೋಣ, ನಮ್ ಹುಡುಗಿ ದೋಣಿ ಉಳಿಸಿದ್ಳು ಅಂತ."

"ಬಿರುಕಿಲ್ಲ ಸರ್. ನಂದೇ ತಪ್ಪು."

ಮೇಷ್ಟ್ರು ಫೋನನ್ನು ಜೇಬಿಗೆ ಇಳಿಸಿದರು. "ಮುನ್ನೆಚ್ಚರಿಕೆಗೆ ಬಿಚ್ಚಿದ್ವಿ ಅಂತ ಬರೆಯೋಣ ಬಿಡು. ಈ ವಿಷಯ ಗೊತ್ತಾದ್ರೆ ಕಾಲೇಜಿನೋರು ಇನ್ನೊಂದ್ಸಲ ಯಂತ್ರ ಮುಟ್ಟೋಕೂ ಬಿಡಲ್ಲ ನಿನ್ನ."

ಅದು ಅವಳಿಗೂ ಗೊತ್ತಿತ್ತು. "ಬರ್ಕೊಳ್ಳಿ ಸರ್. ನಾನು ಸಹಿ ಹಾಕಲ್ಲ." ನರ್ಸಕ್ಕನ ಕಡೆ ತಿರುಗಿದಳು. "ಅಕ್ಕಾ, ಜಗಲಿ ಹತ್ರ ಬನ್ನಿ. ಅವ್ರಿಗೆ ನಾನೇ ಹೇಳ್ತೀನಿ, ನೀವು ಅವ್ರ ಭಾಷೇಲಿ ಹೇಳಿ. ಒಂದಕ್ಷರಾನೂ ಬಿಡ್ಬೇಡಿ."

ಜಗಲಿಯ ಜನ ಕೇಳಿಸಿಕೊಂಡರು. ಯಾರೂ ಬೈಯಲಿಲ್ಲ; ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ. ಸಂಜೆಯವರೆಗೂ ಮಿಸ್ತ್ರಿಯ ಪಕ್ಕ ಕೂತು ಬುಶ್ಶು ಕೂರಿಸಿದಳು, ಬೋಲ್ಟು ಬಿಗಿದಳು, ಎರಡು ಉಗುರು ಕಿತ್ತುಕೊಂಡಳು.

ಬೆಳಿಗ್ಗೆ ಎಂಜಿನ್ ಗುಡುಗಿತು. ಮೊದಲು ಬಂದವಳು ಕಾಲಿಗೆ ಪಟ್ಟಿ ಸುತ್ತಿಕೊಂಡ ಒಬ್ಬ ಮುದುಕಿ. ಹುಡುಗಿಯ ಮುಂದೆ ನಿಂತು ಏನೋ ಕೇಳಿದಳು.

"ಮೂರು ದಿನ ನನ್ನ ಇಲ್ಲಿ ಕೂರ್ಸಿದ್ದು ನೀನೇನಾ ಅಂತಿದಾಳೆ," ಅಂದಳು ನರ್ಸಕ್ಕ.

"ಹೌದು, ನಾನೇ."

ಮುದುಕಿ ಅವಳನ್ನು ದಿಟ್ಟಿಸಿ ನೋಡಿದಳು. ಆಮೇಲೆ ಅವಳ ಹೆಗಲ ಮೇಲೆ ಪೂರ್ತಿ ಭಾರ ಬಿಟ್ಟು, ಒಳ್ಳೆಯ ಕಾಲನ್ನು ಮೊದಲು ದೋಣಿಗೆ ಇಟ್ಟಳು. ಇನ್ನೊಂದು ಕಾಲೂ ದಾಟುವವರೆಗೆ ಹುಡುಗಿ ಮಿಸುಕಲಿಲ್ಲ.