ಫಾರಂನಲ್ಲಿ ಬರೆದ ‘ಇಲ್ಲ’

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ನಾನು ಹೇಳಿದ್ದು ಒಂದೇ ಸುಳ್ಳು. ತಂಗಿಗೆ ಚರ್ಮ ಬಿಗಿದುಕೊಳ್ಳುವ ಕಾಯಿಲೆ ಇತ್ತು, ಸ್ಕ್ಲೆರೋಡರ್ಮಾ ಎಂದು ಹೆಸರು. ಆಗ ಚಳಿಗೆ ಬೆರಳು ಬೆಳ್ಳಗಾಗುತ್ತಿದ್ದವು, ಅಷ್ಟೇ. ಗಂಡಿನ ಕಡೆಯವರಿಗೆ ಹೇಳುವುದು ಬೇಡವೆಂದು ಅಮ್ಮನನ್ನೂ ಅವಳನ್ನೂ ಒಪ್ಪಿಸಿದ ಮಹಾ ಜಾಣೆ ನಾನೇ. ಹನ್ನೆರಡು ವರ್ಷ ಅವಳು ಆ ಕಾಯಿಲೆಯ ಮಾತ್ರೆಗಳನ್ನು ವಿಟಮಿನ್ ಡಬ್ಬಿಯಲ್ಲಿಟ್ಟು ನುಂಗಿದಳು. ಕೆಲಸ ಬ್ಯೂಟಿ ಪಾರ್ಲರಿನಲ್ಲಿ, ಕೂದಲು ಕತ್ತರಿಸುವುದು. “ದಿನಕ್ಕೆ ಹತ್ತು ತಲೆ ತೆಗೀತೀನಿ ಕಣೇ ಅಕ್ಕ” ಎಂದು ನಗುತ್ತಿದ್ದಳು.

ಆಮೇಲೆ ಬಲ ಸ್ತನದಲ್ಲಿ ಕ್ಯಾನ್ಸರ್ ಗಂಟು. ಗಂಟು ತೆಗೆದರು, ಇನ್ನು ಕಿರಣ ಚಿಕಿತ್ಸೆ, ರೇಡಿಯೇಷನ್ ಎಂದರು. ಅದಕ್ಕೆ ಮುಂಚೆ ನರ್ಸ್ ಒಂದು ಫಾರಂ ಕೊಟ್ಟಳು. ಕೀಲು, ಚರ್ಮದ ಹಳೆಯ ಕಾಯಿಲೆ ಏನಾದರೂ ಇದೆಯೇ? ತಂಗಿಯ ಗಂಡ ಪಕ್ಕದಲ್ಲೇ ಕೂತಿದ್ದ. ಅವಳು ನನ್ನ ಮುಖ ನೋಡಿದಳು. ಪೆನ್ನು ನನ್ನ ಕೈಯಲ್ಲಿತ್ತು. ‘ಇಲ್ಲ’ ಎಂದು ಬರೆದೆ. ಅವನೂ ಓದಿ ಸಹಿ ಹಾಕಿದ.

ಕಿರಣ ಮುಗಿದ ಆರು ತಿಂಗಳಿಗೆ ಅವಳ ಎದೆಯ ಚರ್ಮ ಒಣಗಿದ ತೊಗಲಿನಂತೆ ಬಿಗಿಯಿತು. ಭುಜ ಹಿಡಿದುಕೊಂಡಿತು. ಬಲಗೈ ಮೇಲೇಳದಾಯಿತು. ಪಾರ್ಲರಿನಲ್ಲಿ ಅವಳ ಕುರ್ಚಿಯ ಹಿಂದೆ ಈಗ ಬೇರೆಯವಳು ನಿಲ್ಲುತ್ತಾಳೆ.

ನನ್ನ ಮತ್ತು ಅವಳ ಗಂಡನ ಎದುರಿಗೇ ಡಾಕ್ಟರು ತಂಗಿಯ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದರು. “ಇದು ಹೊಸದಲ್ಲ. ಮೊದಲಿಂದಲೂ ಏನೋ ಇತ್ತಲ್ವಾ?”

ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ಆಗಲೂ ನನ್ನ ಮಾನ ಕಾಯುತ್ತಿದ್ದಳು, ಹುಚ್ಚಿ. ನನಗೆ ತಡೆಯಲಾಗಲಿಲ್ಲ.

“ಇತ್ತು ಡಾಕ್ಟ್ರೇ. ಮುಚ್ಚಿಟ್ಟೋಳು ನಾನು. ಇವಳ ಗಂಡನ ಮನೆಯೋರಿಗೆ ಗೊತ್ತಾಗಬಾರದು ಅಂತ.”

ಅವರು ಕನ್ನಡಕ ತೆಗೆದರು. “ಈ ಕಾಯಿಲೆ ಇರೋರಿಗೆ ಕಿರಣ ಕೆಲವು ಸಲ ಹೀಗೆ ತಿರುಗಿ ಬೀಳುತ್ತೆ. ಮೊದಲೇ ಗೊತ್ತಿದ್ರೆ ಇಡೀ ಸ್ತನ ತೆಗೆದು, ಕಿರಣ ಬೇಡ ಅಂತಿದ್ವೇನೋ.”

“ಈಗ ಸರಿಹೋಗುತ್ತಾ?” ಎಂದೆ.

“ವ್ಯಾಯಾಮ ಮಾಡಿಸೋಣ. ಮೊದಲಿನ ಹಾಗೆ ಆಗೋದು ಕಷ್ಟ ಅಮ್ಮ.”

ತಂಗಿಯ ಗಂಡ ಬೈಯಲಿ, ಕಪಾಳಕ್ಕೆ ಬಾರಿಸಲಿ ಎಂದು ಕಾದೆ. ನನಗೆ ಅದೇ ಬೇಕಿತ್ತು.

“ನಂಗೆ ಗೊತ್ತಿತ್ತು ಅತ್ತಿಗೆ” ಎಂದ. “ಮದುವೆಯಾದ ವರ್ಷವೇ. ಮಾತ್ರೆ ತಗೊಂಡೋಗಿ ಮೆಡಿಕಲ್ ಶಾಪಲ್ಲಿ ಕೇಳಿದ್ದೆ.”

“ಮತ್ತೆ ಆ ಫಾರಂ? ಸಹಿ ಹಾಕಿದ್ರಲ್ಲ?”

“ಅವಳಾಗೇ ಹೇಳ್ಲಿ ಅಂತ ಇಷ್ಟು ವರ್ಷ ಸುಮ್ನಿದ್ದೆ. ಅವತ್ತು ನಾನು ಬಾಯಿಬಿಟ್ರೆ ಎಲ್ಲರೆದುರಿಗೆ ಅವಳು ತಲೆ ತಗ್ಗಿಸಬೇಕಾಗುತ್ತೆ, ಅಂತ…”

ಡಾಕ್ಟರ ಎದುರಿಗೇ ಬಿಕ್ಕಿ ಬಿಕ್ಕಿ ಅತ್ತ.

ತಂಗಿ ಅವನ ಕಣ್ಣೊರೆಸಲು ಬಲಗೈ ಎತ್ತಿದಳು. ಅದು ಮುಖದವರೆಗೆ ಏಳಲಿಲ್ಲ. ಅವನೇ ಬಗ್ಗಿ, ಅವಳ ಕೈ ಇದ್ದಲ್ಲಿಗೆ ಮುಖ ತಂದ.