ಸೂಜಿಯ ಕೋಟು

ಕೋಟಿನ ಪಟ್ಟಿ ಬಕಲ್ಲಿನ ಹತ್ತಿರ ಬಂದು ನಿಂತುಬಿಟ್ಟಿತು. ಇನ್ನೆರಡು ಬೆರಳಿನಷ್ಟು ಎಳೆದರೆ ಸಿಗುತ್ತಿತ್ತು. ಎಳೆದರೆ ನಾಯಿ ಕುಂಯ್ ಎನ್ನುತ್ತಿತ್ತು. ಅವಳು ಹೊಲಿಗೆ ಯಂತ್ರದ ಪಕ್ಕ ಮಂಡಿಯೂರಿ ಕೂತು, ತುಟಿಯ ನಡುವಿದ್ದ ಗುಂಡುಸೂಜಿ ತೆಗೆದು ತೋಳಿಗೆ ಚುಚ್ಚಿಕೊಂಡಳು. ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಳ್ಳುವ ಗಿರಾಕಿಗಳನ್ನು ಬೈಯುತ್ತಿದ್ದವಳು ಇವತ್ತು ನಾಯಿಗೆ, "ಸ್ವಲ್ಪ ಹೊಟ್ಟೆ ಒಳಗೆಳ್ಕೊಳೇ ಸೂಜಿ, ನಿನ್ನ ದಮ್ಮಯ್ಯ," ಎಂದು ಬೇಡಿಕೊಳ್ಳುತ್ತಿದ್ದಳು.

"ಅಣ್ಣ ಬಸ್ಸಿಳಿದನಂತೆ," ಎಂದ ಗಂಡ ಬಾಗಿಲಲ್ಲಿ ನಿಂತು. ಪಂಪು ರಿಪೇರಿ ಮಾಡುವ ಅವನ ಕೈಗೆ ಬೆಳಗಿನಿಂದಲೇ ಗ್ರೀಸು ಮೆತ್ತಿತ್ತು. "ಏನೇ ಅದು, ನಾಯಿಗೆ ಕೋಟು ಹಾಕ್ತಿದ್ದೀಯೋ, ಮೂಟೆ ಕಟ್ತಿದ್ದೀಯೋ?"

"ಚಳಿ ಇದೆ."

"ಇದೆ ಇದೆ. ನಿನ್ನ ಹಣೇಲಿ ಬೆವರು ಬರೋವಷ್ಟು ಚಳಿ."

ಅವಳು ಮತ್ತೆ ಪಟ್ಟಿ ಎಳೆದಳು. ಕೋಟು ಅವಳೇ ಹೊಲಿದದ್ದು. ಹೋದ ಚಳಿಗಾಲದಲ್ಲಿ, ಭಾವ ನಾಯಿಯನ್ನು ಇಲ್ಲಿ ಬಿಟ್ಟುಹೋಗುವಾಗ, ಅವರೇ ನಾಯಿಯನ್ನು ಹಿಡಿದುಕೊಂಡು ಅಳತೆ ಹೇಳಿದ್ದರು. ಆಮೇಲೆ ಎರಡು ಸಲ ಅವಳು ಪಕ್ಕದ ಹೊಲಿಗೆ ಬಿಚ್ಚಿ ಒಳಗಿನ ಬಟ್ಟೆ ಬಿಟ್ಟಿದ್ದಳು. ಇನ್ನು ಬಿಡಲು ಬಟ್ಟೆ ಇರಲಿಲ್ಲ. ಕೊನೆಗೆ ಪಟ್ಟಿಗೆ ಒಂದು ತುಂಡು ಎಲಾಸ್ಟಿಕ್ ಸೇರಿಸಿ ಹೇಗೋ ಬಕಲು ಹಾಕಿದಳು.

ಭಾವ ಅಂದರೆ ಗಂಡನ ಅಣ್ಣ. ಲಾರಿ ಓಡಿಸುತ್ತಿದ್ದವರು. ಲಾರಿಯನ್ನೂ ಬೇಟೆನಾಯಿಗಳನ್ನೂ ಬಿಟ್ಟು ಮೂರನೆಯದರ ಬಗ್ಗೆ ಅವರು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಅಜ್ಜನ ಕಾಲದ ಬೇಟೆ ಈಗ ಇರಲಿಲ್ಲ, ಇರಬೇಕೆಂದು ಅವರಿಗೂ ಅನಿಸಿರಲಿಲ್ಲ. ಬಯಲಿನಲ್ಲಿ ಸ್ಕೂಟರಿಗೆ ಉದ್ದ ಹಗ್ಗ ಕಟ್ಟಿ, ಹಗ್ಗದ ತುದಿಗೆ ಚಿಂದಿ ಕಟ್ಟಿ, ಅದರ ಹಿಂದೆ ನಾಯಿ ಓಡುವುದನ್ನು ನೋಡಿದರೆ ಅವರಿಗೆ ಸಾಕು. ಲಾರಿ ಮಗುಚಿ ಕಾಲು ಜಜ್ಜಿಹೋದಾಗ ಅವರು ಮೊದಲು ಕೇಳಿದ್ದು, "ಸೂಜಿಗೆ ಊಟ ಹಾಕಿದ್ರಾ?" ಎಂದು. ಕಾಲಿನ ಚಿಕಿತ್ಸೆಗೆ ದೂರದ ಮಗಳ ಮನೆಗೆ ಹೋಗಬೇಕಾಯಿತು. ಮಗಳ ಮನೆ ನಾಲ್ಕನೇ ಮಹಡಿಯಲ್ಲಿತ್ತು. ಸೂಜಿ ತಮ್ಮನ ಮನೆಗೆ ಬಂತು.

"ನಿನ್ನ ಕೈಗೆ ಕೊಡ್ತಿದ್ದೀನಮ್ಮಾ, ಅವನ ಕೈಗಲ್ಲ," ಎಂದಿದ್ದರು ಭಾವ. "ಅವನಿಗೆ ಪಂಪು ಕೆಟ್ರೆ ಮಾತ್ರ ಕಣ್ಣಿಗೆ ಕಾಣೋದು. ನೀನು ಅಳತೆ ತಿಳಿದೋಳು."

ಆಮೇಲೆ ಒಂದೊಂದೇ ಹೇಳಿದ್ದರು. ಇವಳು ಮೂಗಿನಿಂದ ಹುಡುಕೋ ಜಾತಿಯಲ್ಲ, ಕಣ್ಣಿನಿಂದ ಓಡೋ ಜಾತಿ. ದೂರದಲ್ಲಿ ಏನಾದರೂ ಅಲ್ಲಾಡಿದರೆ ಕರೆದರೂ ಕಿವಿಗೆ ಬೀಳುವುದಿಲ್ಲ, ಆದ್ದರಿಂದ ರಸ್ತೆಯ ಹತ್ತಿರ ಹಗ್ಗ ಬಿಚ್ಚಬೇಡ. ಚರ್ಮ ಹಾಳೆಯಷ್ಟು ತೆಳು, ಚಳಿ ತಡೆಯಳು. ಮೊಣಕೈಗೆ ಮಾಂಸವಿಲ್ಲ, ಬರೀ ಸಿಮೆಂಟಿನ ಮೇಲೆ ಮಲಗಿಸಬೇಡ. ಊಟ ಈ ಬಟ್ಟಲಿನಲ್ಲಿ, ಇಷ್ಟೇ. ಉಂಡ ಮೇಲೆ ಓಡಿಸಬೇಡ. ಕೊನೆಗೆ ಅವಳ ಕೈಯನ್ನು ನಾಯಿಯ ಪಕ್ಕೆಗೆ ಹಚ್ಚಿ ಹೇಳಿದ್ದರು: "ಈ ಕೊನೇ ಮೂರು ಎಲುಬು ಯಾವಾಗಲೂ ಕಣ್ಣಿಗೆ ಕಾಣ್ತಿರಬೇಕು. ಕಾಣದೇ ಹೋದ್ರೆ ಅವಳು ನಾಯಿಯಲ್ಲ, ದಿಂಬು."

ಎಲುಬು ಕಾಣಬೇಕು. ಅದೊಂದು ಮಾತು ಅವಳ ಗಂಟಲಲ್ಲಿ ಆಗಲೇ ಸಿಕ್ಕಿಕೊಂಡಿತ್ತು.

ಅವಳು ಬೆಳೆದ ಮನೆಯಲ್ಲಿ ಎಲುಬು ಯಾರಿಗೂ ಕಾಣಬಾರದಿತ್ತು. ನೆಂಟರು ಬಂದರೆ ಮಕ್ಕಳು ಅಂಗಿಯಿಲ್ಲದೆ ಹೊರಗೆ ಬರುವಂತಿರಲಿಲ್ಲ. ಅಮ್ಮ ಮಕ್ಕಳ ಅಂಗಿಗೆ ಒಳಗಿನಿಂದ ಇನ್ನೊಂದು ಪದರ ಬಟ್ಟೆ ಕೊಟ್ಟು ಹೊಲಿಯುತ್ತಿದ್ದಳು, ಮೈ ಸ್ವಲ್ಪ ತುಂಬಿದ ಹಾಗೆ ಕಾಣಲಿ ಎಂದು. ಒಮ್ಮೆ ಶಾಲೆಗೆ ಬಂದ ನರ್ಸು ಅವಳ ಅಂಗಿ ಎತ್ತಿ, ಆ ಒಳಪದರವನ್ನು ಬೆರಳಿನಿಂದ ಸರಿಸಿ, ಇನ್ನೊಬ್ಬ ನರ್ಸಿನ ಕಡೆ ನೋಡಿ ನಕ್ಕಿದ್ದಳು. ಅವಳು ಹೊಲಿಗೆ ಕಲಿತದ್ದು ಅಮ್ಮನಿಂದ. ಆ ನಗುವನ್ನು ಮಾತ್ರ ಅಮ್ಮನಿಗೆ ಹೇಳಿರಲಿಲ್ಲ.

ಮೊದಮೊದಲು ಭಾವ ಹೇಳಿದಂತೆಯೇ ನಡೆದಳು. ಹೊಲಿಗೆಯಂಗಡಿ ಮನೆಯ ಮುಂದಿನ ಕೋಣೆಯೇ ಆದ್ದರಿಂದ, ಬಂದವರೆಲ್ಲ ಮೊದಲು ನೋಡುತ್ತಿದ್ದದ್ದು ಹಾಸಿಗೆಯ ಮೇಲೆ ಉದ್ದಕ್ಕೆ ಬಿದ್ದುಕೊಂಡ ಸೂಜಿಯನ್ನು. ಪಕ್ಕದ ಬೇಕರಿಯವನು, "ಏನಕ್ಕಾ, ಇದರ ಮೈಮೇಲೆ ಹಾರ್ಮೋನಿಯಂ ನುಡಿಸಬಹುದಲ್ಲ," ಎಂದ. ಜಾತಿಯೇ ಹಾಗೆ ಎಂದು ಅವಳು ಹೇಳಿದ್ದಕ್ಕೆ, "ಹೌದು ಹೌದು, ಬಡವರ ಮನೆ ನಾಯಿಗಳೆಲ್ಲ ಅದೇ ಜಾತಿ," ಎಂದು ನಕ್ಕ. ಅವನಿಗೆ ಕೆಟ್ಟ ಮನಸ್ಸಿರಲಿಲ್ಲ. ಆದರೆ ಒಂದು ದಿನ ಸೊಂಟದ ಅಳತೆ ಕೊಡುತ್ತ ನಿಂತಿದ್ದ ಗಿರಾಕಿಯೊಬ್ಬಳು, ನಾಯಿಯನ್ನೇ ನೋಡುತ್ತ, ಮೆಲ್ಲಗೆ, "ಮೂಕ ಪ್ರಾಣಿ, ಪಾಪ. ಬಾಯಿಬಿಟ್ಟು ಕೇಳಲ್ಲ ನೋಡಿ," ಎಂದಳು.

ಅವತ್ತು ಸಂಜೆ ಬೇಕರಿಯಿಂದ ಬನ್ನು ತಂದು ಹಾಲಿನಲ್ಲಿ ನೆನೆಸಿ ಇಟ್ಟಳು. ಸೂಜಿ ತಿಂದು ಅವಳ ಅಂಗೈಯನ್ನು ನೆಕ್ಕಿತು. ನಾಳೆ ಬೇಡ ಅಂದುಕೊಂಡಳು. ಮರುದಿನ ಬೆಣ್ಣೆ ಬಿಸ್ಕತ್ತು. ಮೂರು ಎಲುಬು ಒಂದೊಂದಾಗಿ ಒಳಗೆ ಸರಿದವು, ಮಾತಾಡುವವರೂ ಮಾತು ನಿಲ್ಲಿಸಿದರು. ಅವಳಿಗೆ ಅದೆಷ್ಟು ನೆಮ್ಮದಿಯಾಯಿತೆಂದರೆ, ನಾಯಿ ಬಯಲಿನಿಂದ ಬೇಗ ಬೇಗ ವಾಪಸು ಬರುತ್ತಿದ್ದದ್ದು ಕಣ್ಣಿಗೆ ಬಿದ್ದರೂ ಮನಸ್ಸಿಗೆ ಬೀಳಲಿಲ್ಲ.

ಭಾವ ಎರಡು ಊರುಗೋಲಿನ ಮೇಲೆ ಬಂದರು. ಮೊದಲಿಗಿಂತ ಅರ್ಧ ಆಗಿದ್ದರು. ಸೂಜಿ ಬೊಗಳುವ ನಾಯಿಯಲ್ಲ. ಅವರ ತೊಡೆಗೆ ತಲೆ ಒತ್ತಿ ಸುಮ್ಮನೆ ನಿಂತು ನಡುಗಿತು. ಒಂದು ಕೈ ಊರುಗೋಲಿನ ಮೇಲೆ, ಇನ್ನೊಂದು ಕೈ ಕೋಟಿನೊಳಗೆ ಜಾರಿ, ಪಕ್ಕೆಯ ಮೇಲೆ ಹೋಗಿ, ಅಲ್ಲೇ ನಿಂತಿತು.

"ಮೈ ತುಂಬ್ಕೊಂಡಿದ್ದಾಳೆ," ಎಂದರು.

"ಹೂಂ ಭಾವ."

"ಅದೇ ಬಟ್ಟಲು ತಾನೇ?"

"ಅದೇ. ನೀವು ಹೇಳಿದಷ್ಟೇ."

ಬಾಯಿಂದ ಬಂದುಬಿಟ್ಟಿತು. ಗಂಡ ಒಮ್ಮೆ ಅವಳ ಮುಖ ನೋಡಿ, ಕೈಯ ಗ್ರೀಸನ್ನು ಪರೀಕ್ಷಿಸತೊಡಗಿದ.

ಕಾಫಿ ಕುಡಿದವರೇ ಭಾವ ಬಯಲಿಗೆ ಹೋಗೋಣವೆಂದರು. ಪ್ರಯಾಣದ ಆಯಾಸ, ನಾಳೆ ಹೋದರಾಯಿತು ಎಂದು ಅವಳು ಹೇಳಿನೋಡಿದಳು.

"ಆಯಾಸ ಕಾಲಿಗಮ್ಮಾ, ಕಣ್ಣಿಗಲ್ಲ." ಅವರು ಲೋಟ ಕೆಳಗಿಟ್ಟರು. "ಅಲ್ಲಿ ಮಲಗಿದ್ದಾಗ ನೋವು ಜಾಸ್ತಿಯಾದ್ರೆ ಕಣ್ಣು ಮುಚ್ಚಿಕೊಳ್ತಿದ್ದೆ. ಮುಚ್ಚಿದ್ರೆ ಇವಳು ಓಡೋಳು. ಬಯಲಿನ ಆ ತುದಿಯಿಂದ ಈ ತುದಿಗೆ. ಡಾಕ್ಟರು ಕೇಳಿದ್ರು, ಏನ್ರೀ ನಗ್ತಿದ್ದೀರಿ ಅಂತ. ನನ್ನದಂತೂ ಇನ್ನು ಓಡೋ ಕಾಲಲ್ಲ. ಇವಳದ್ದಾದ್ರೂ ನೋಡ್ತೀನಿ."

ಹಳೆಯ ಇಟ್ಟಿಗೆ ಗೂಡಿನ ಹಿಂದಿನ ಬಯಲಿನಲ್ಲಿ ಅವರಿಗೊಂದು ಕುರ್ಚಿ ಹಾಕಿದರು. ಗಂಡ ಸ್ಕೂಟರಿಗೆ ಹಗ್ಗ ಕಟ್ಟಿದ. ಸುದ್ದಿ ತಿಳಿದು ಬೇಕರಿಯವನೂ ಬಂದು ನಿಂತಿದ್ದ. ಕೋಟು ಬಿಚ್ಚಬೇಕಾಯಿತು. ಬಿಚ್ಚಿದ ಕೋಟನ್ನು ಅವಳು ಮಡಿಸಿ, ಹೊಲಿಗೆ ಒಳಗೆ ಬರುವಂತೆ ಎದೆಗೆ ಹಿಡಿದುಕೊಂಡಳು. ಬೆಳಗಿನ ಬಿಸಿಲಿನಲ್ಲಿ ಸೂಜಿಯ ಮೈ ಎಲ್ಲಿಯೂ ಒಂದು ನೆರಳಿಲ್ಲದೆ ನುಣ್ಣಗೆ ಹೊಳೆಯಿತು.

ಸ್ಕೂಟರು ಹೊರಟು ಚಿಂದಿ ನೆಲದ ಮೇಲೆ ಕುಣಿದದ್ದೇ, ನಾಯಿಯ ಕುತ್ತಿಗೆ ಉದ್ದವಾಯಿತು. ಅವಳು ಅದರ ಕೊರಳ ಹಗ್ಗ ಬಿಟ್ಟಳು. ಮೊದಲ ಕೆಲವು ನೆಗೆತ ಹಳೆಯ ಸೂಜಿಯವೇ. ನಾಲ್ಕೂ ಕಾಲು ಹೊಟ್ಟೆಯ ಕೆಳಗೆ ಸೇರಿ, ಮತ್ತೆ ಬಿಚ್ಚಿ, ನೆಲ ಮುಟ್ಟಿತೋ ಇಲ್ಲವೋ ಎನ್ನುವಂತೆ. ಭಾವ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಅವರ ತುಟಿ ತೆರೆದಿತ್ತು. ದೇವರೇ, ಇವತ್ತೊಂದು ದಿನ, ಎಂದುಕೊಂಡಳು ಅವಳು.

ಬಯಲಿನ ಅರ್ಧಕ್ಕೆ ಹೋಗುವಷ್ಟರಲ್ಲಿ ನೆಗೆತ ಚಿಕ್ಕದಾಯಿತು. ಆಮೇಲೆ ಅದು ಬರೀ ಓಟವಾಯಿತು, ಬೀದಿನಾಯಿ ಓಡುವ ಹಾಗೆ. ಸ್ಕೂಟರು ತಿರುವಿನಲ್ಲಿ ವಾಲಿದಾಗ ಸೂಜಿಯೂ ತಿರುಗಲು ಹೋಗಿ, ಮುಂಗಾಲು ಭಾರ ತಡೆಯದೆ ಮಡಚಿಕೊಂಡಿತು. ಮುಗ್ಗರಿಸಿ ಎದ್ದಿತು. ಎದ್ದು ನಾಲ್ಕು ಹೆಜ್ಜೆ ಕುಂಟಿ ಕೂತುಬಿಟ್ಟಿತು. ನಾಲಿಗೆ ನೇತುಬಿದ್ದಿತ್ತು. ಹಿಂದೆ ತಿರುಗಿ ನೋಡದ ಗಂಡ ಸ್ಕೂಟರು ಓಡಿಸುತ್ತಲೇ ಇದ್ದ. ಚಿಂದಿ ದೂರ ದೂರ ಹೋಯಿತು. ಸೂಜಿಯ ಕಣ್ಣು ಮಾತ್ರ ಅದರ ಹಿಂದೆ ಓಡಿತು.

ಅವಳು ಭಾವನ ಕಡೆ ನೋಡಲಿಲ್ಲ. ನೋಡದೆಯೂ ಅವರು ನಿಧಾನವಾಗಿ ಹಿಂದಕ್ಕೆ ಒರಗಿದ್ದು ಕುರ್ಚಿಯ ಸದ್ದಿನಿಂದ ಗೊತ್ತಾಯಿತು.

ಬೇಕರಿಯವನು ಸಮಾಧಾನ ಹೇಳಲು ಕುರ್ಚಿಯ ಹತ್ತಿರ ಬಂದ. "ಬಿಡಿ ಸಾರ್," ಎಂದ. "ಹೊಟ್ಟೆ ತುಂಬಿದ ನಾಯಿ ಯಾಕೆ ಓಡುತ್ತೆ ಹೇಳಿ. ಬಂದಾಗ ಹೆಂಗಿತ್ತು ಅಂತೀರಿ, ಹಾರ್ಮೋನಿಯಂ. ಈಗ ನೋಡಿ. ಅಕ್ಕ ಮಗು ಸಾಕಿದ ಹಾಗೆ ಸಾಕಿದ್ದಾರೆ. ದಿನಾ ನಮ್ಮಂಗಡಿ ಬನ್ನು, ಹಾಲು, ಬೆಣ್ಣೆ ಬಿಸ್ಕತ್ತು. ಒಂದು ದಿನ ತಪ್ಪಿಸಿಲ್ಲ ಮಹಾತಾಯಿ."

ಕೋಟಿನ ಬಟ್ಟೆ ಅವಳ ಮುಷ್ಟಿಯಲ್ಲಿ ಮುದುಡಿತು. ಭೂಮಿ ಬಾಯಿಬಿಡಲಿ ಎಂದು ಜನ ಯಾಕೆ ಹೇಳುತ್ತಾರೆಂದು ಅವತ್ತು ತಿಳಿಯಿತು. ಬಯಲು ಮಾತ್ರ ಬಯಲಾಗಿಯೇ ಇತ್ತು, ಮರೆಗೊಂದು ಗಿಡವೂ ಇರಲಿಲ್ಲ.

"ಹೌದಪ್ಪಾ," ಎಂದರು ಭಾವ. "ಚೆನ್ನಾಗಿ ನೋಡ್ಕೊಂಡಿದ್ದಾಳೆ." ಧ್ವನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

ಮನೆಗೆ ಬಂದ ಮೇಲೆ ಅವರು ಸೂಜಿಯ ಮುಂಗಾಲನ್ನು ತೊಡೆಯ ಮೇಲಿಟ್ಟುಕೊಂಡು ಗೆಣ್ಣುಗೆಣ್ಣನ್ನು ಒತ್ತಿ ನೋಡಿದರು. ಮುರಿದಿರಲಿಲ್ಲ, ಉಳುಕಿತ್ತು. ಅವಳು ತಣ್ಣೀರಿನಲ್ಲಿ ಬಟ್ಟೆ ಹಿಂಡಿ ಹಿಂಡಿ ಕೊಟ್ಟಳು. ಅವರು ಸುತ್ತಿದರು. ಮಧ್ಯಾಹ್ನದ ಊಟದಲ್ಲಿ ಗಂಡನೊಬ್ಬನೇ ಮಾತಾಡಿದ, ಅದೂ ಪಂಪುಗಳ ಬಗ್ಗೆ. ಹೇಳಿಬಿಡಬೇಕೆಂದು ಅವಳು ಎರಡು ಸಲ ಭಾವನ ಮುಂದೆ ಹೋಗಿ ನಿಂತಳು. ಒಂದು ಸಲ ನೀರು ಬೇಕಾ ಎಂದಳು, ಇನ್ನೊಂದು ಸಲ ದಿಂಬು ಬೇಕಾ ಎಂದಳು. ದಿಂಬು ಎಂಬ ಮಾತು ಬಾಯಿಂದ ಹೊರಬಿದ್ದ ಮೇಲೆ ಅಲ್ಲಿ ನಿಲ್ಲಲಾಗಲಿಲ್ಲ.

ಸಂಜೆ ಅವಳು ಯಂತ್ರದ ಮುಂದೆ ಕೂತಿದ್ದಾಗ ಊರುಗೋಲಿನ ಸದ್ದು ಬಂತು. ಭಾವ ಗಿರಾಕಿಗಳ ಸ್ಟೂಲಿನ ಮೇಲೆ ಕೂತರು. ಕೈಯಲ್ಲಿ ಕೋಟಿತ್ತು. ಅದನ್ನು ಒಳಮೈ ಹೊರಗೆ ಮಾಡಿ ಮೊಣಕಾಲಿನ ಮೇಲೆ ಹರಡಿಕೊಂಡರು. ಹೊಲಿಗೆ ಬಿಚ್ಚಬಹುದು, ಬಟ್ಟೆ ಮರೆಯುವುದಿಲ್ಲ. ಮೊದಲ ಹೊಲಿಗೆಯ ತೂತುಗಳು ಸಾಲಾಗಿ ಉಳಿದಿದ್ದವು, ಅದರಾಚೆ ಎರಡನೆಯದರ ಸಾಲು, ಅದರಾಚೆ ಈಗಿನ ದಾರ. ಅವರ ಬೆರಳು ಆ ಸಾಲುಗಳ ಮೇಲೆ, ಬೆಳಗ್ಗೆ ಪಕ್ಕೆಯ ಮೇಲೆ ಹುಡುಕಿದಂತೆಯೇ, ನಿಧಾನವಾಗಿ ಹೋಯಿತು.

"ಭಾವ, ಜನ..." ಎಂದಳು.

ಅವರು ತಲೆಯಾಡಿಸಿದರು. ಕೇಳಿತು ಎಂದೋ, ಬೇಡ ಎಂದೋ.

"ಇದನ್ನ ಮೊದಲಿನ ಅಳತೆಗೇ ಹಿಡಿದುಬಿಡಮ್ಮಾ," ಎಂದರು. "ಮುಂದಿನ ಚಳಿಗೂ ಇವಳು ಇಲ್ಲೇ ಇರ್ತಾಳಲ್ಲ, ಬೇಕಾಗುತ್ತೆ. ಮಗಳ ಮನೆಯಲ್ಲಿ ಇನ್ನೂ ಬಹಳ ದಿನ ಇರಬೇಕಂತೆ ನಾನು."

ಕೋಟನ್ನು ಅವಳ ಮಡಿಲಿಗೆ ಹಾಕಿ, ಊರುಗೋಲು ಹುಡುಕಿಕೊಂಡು ಎದ್ದು ಹೋದರು.

ಅವಳು ಯಂತ್ರವನ್ನು ಪಕ್ಕಕ್ಕಿಟ್ಟು ಕೈಹೊಲಿಗೆಗೆ ದಾರ ಪೋಣಿಸಿದಳು. ಮೊದಲನೆಯ ಸಾಲಿನ ತೂತುಗಳು ಬರಿಗಣ್ಣಿಗೆ ಕಾಣುವಷ್ಟು ತೆರೆದುಕೊಂಡಿದ್ದವು. ಒಂದೊಂದರಲ್ಲೇ ಇಳಿಸಿ, ಎತ್ತಿ, ದಾರ ಎಳೆದಳು. ಹಾಸಿಗೆಯ ಮೇಲೆ ಪಟ್ಟಿ ಸುತ್ತಿದ ಕಾಲು ಚಾಚಿ ಮಲಗಿದ್ದ ಸೂಜಿ ಗದ್ದ ಎತ್ತದೆ, ಮೇಲೆ ಹೋಗಿ ಕೆಳಗೆ ಬರುತ್ತಿದ್ದ ಅವಳ ಕೈಯನ್ನೇ ಕಣ್ಣಿನಿಂದ ಹಿಂಬಾಲಿಸುತ್ತಿತ್ತು.