ಅಳುವ ಗಿಡದ ಎಲೆ

ಕುಪ್ಪೇಲೂರಿನ ಹೊಲದ ಮೂಲೆಯಲ್ಲಿದ್ದ ಆ ಗಿಡದ ಹೆಸರು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಒಪ್ಪಿಕೊಳ್ಳುವ ಜಾಯಮಾನವೂ ಊರಿನದಲ್ಲ. ಒಬ್ಬರು ಕಾಡು ಹಲಸು ಎಂದರು, ಇನ್ನೊಬ್ಬರು ಸರ್ಕಾರದವರು ಹಚ್ಚಿದ್ದು ಎಂದರು. ನೀಲಾಳ ಮಗಳು ಸ್ನೇಹಾ ಎಲೆಯ ಫೋಟೋ ಹೊಡೆದು ಫೋನಿಗೆ ಕೇಳಿದರೆ ಅದು ಒಂದಕ್ಕೆ ಮೂರು ಹೆಸರು ಹೇಳಿ ಕೈ ತೊಳೆದುಕೊಂಡಿತು.

ನೀಲಾಳಿಗೆ ಹೆಸರಿನ ಚಿಂತೆ ಇರಲಿಲ್ಲ. ಮಟಮಟ ಮಧ್ಯಾಹ್ನ ಆ ನೆರಳಿನಲ್ಲಿ ಬುತ್ತಿ ಬಿಚ್ಚಿದಾಗಲೆಲ್ಲ ಅವಳಿಗೆ ಕೂಸಿನ ಅಳು ಕೇಳಿಸುತ್ತಿತ್ತು. ಜೋರಾಗಿ ಅಲ್ಲ, ಅತ್ತು ಅತ್ತು ಸಾಕಾದ ಕೂಸು ಬಿಕ್ಕುವ ಹಾಗೆ. ಅವಳು ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಗಂಡ ಪರಮೇಶಪ್ಪನಿಗೆ ಹೇಳಿದರೆ, “ನವಿಲ ಇರಬೇಕ ಬಿಡ. ನಾಳೆ ಜೆಸಿಬಿ ಬರತೈತಿ, ಗಿಡಾ ಕಿತ್ತ ಒಗದು ಗೋವಿನಜ್ವಾಳಕ್ಕ ಶೆಡ್ ಹಾಕ್ತೇನಿ. ನಿನ್ನ ನವಿಲೂ ಬ್ಯಾರೆ ಮನಿ ನೋಡಕೋತೈತಿ” ಎಂದು ನಕ್ಕ.

ನೀಲಾ ನಗಲಿಲ್ಲ. ಸ್ನೇಹಾ ಹುಟ್ಟುವ ಮೊದಲು ಅವಳಿಗೊಂದು ಗಂಡು ಕೂಸಾಗಿತ್ತು. ತೊಟ್ಟಿಲಿಗೆ ಹಾಕುವ ಮೊದಲೇ ಹೋಯಿತು. ಪರಮೇಶಪ್ಪ ಅವತ್ತು ಮೆಣಸಿನಕಾಯಿ ಹೇರಿಕೊಂಡು ಬ್ಯಾಡಗಿ ಪೇಟೆಗೆ ಹೋಗಿದ್ದ. ಅತ್ತೆ ಕರೆವ್ವ ತಾನೇ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋಗಿ ಮಣ್ಣು ಮಾಡಿ ಬಂದಳು. ಎಲ್ಲಿ ಎಂದು ಮಗನಿಗೂ ಹೇಳಲಿಲ್ಲ, ಸೊಸೆಗೂ ಹೇಳಲಿಲ್ಲ. ಎಳೆಗೂಸಿನ ಮಣ್ಣಿನ ಮೇಲೆ ಆಲದ ಟೊಂಗೆ ಊರುವುದು ಅವರ ಮನೆತನದ ಪದ್ಧತಿ. ಆಲದಲ್ಲಿ ಹಾಲಿರುತ್ತದೆ, ಕೂಸು ಹಸಿಯುವುದಿಲ್ಲ. ಅದಕ್ಕೇ ನೀಲಾ ಸುತ್ತಲ ಸೀಮೆಯ ಆಲದ ಗಿಡಗಳಿಗೆಲ್ಲ ಕೈ ಮುಗಿದು ಬಂದಿದ್ದಳು. ಯಾವ ಆಲವೂ ಅವಳನ್ನು ಕರೆದಿರಲಿಲ್ಲ.

ಈ ಮೂಲೆಯ ಗಿಡಕ್ಕೆ ಮಾತ್ರ ಕರೆವ್ವ ಯಾರನ್ನೂ ಕೈ ಹಚ್ಚಗೊಟ್ಟವಳಲ್ಲ. “ಹಕ್ಕಿ ಹಾಕಿದ್ದು, ಇರಲಿ” ಎನ್ನುತ್ತಿದ್ದಳು. ಈಗ ಅವಳು ಹಾಸಿಗೆ ಹಿಡಿದಿದ್ದಳು, ಆದ್ದರಿಂದಲೇ ಜೆಸಿಬಿಯ ಮಾತು ಬಂದಿತ್ತು.

ಗಂಡ ಅತ್ತ ಹೋದ ಮೇಲೆ ನೀಲಾ ಸಿಟ್ಟಿಗೋ ಸಂಕಟಕ್ಕೋ ಒಂದು ಚಿಗುರೆಲೆ ಕಿತ್ತಳು. ಆಲದೆಲೆಗಿಂತ ಉದ್ದ, ದಪ್ಪ. ಅಡಿಯಲ್ಲಿ ಕಂದು ರೋಮ. ಮುಟ್ಟಿದರೆ ಎಳೆಗೂಸಿನ ನೆತ್ತಿಯ ಹಾಗೆ ಮೆತ್ತಗೆ. ತೊಟ್ಟು ಮುರಿದಲ್ಲಿಂದ ಹಾಲು ಒಸರಿ ಅವಳ ಅಂಗೈಗೆ ಇಳಿಯಿತು.

ಓಡುತ್ತಲೇ ಮನೆಗೆ ಬಂದು ಎಲೆಯನ್ನು ಅತ್ತೆಯ ಕೈಗಿಟ್ಟಳು. “ಅತ್ತೀ, ಇದ ಯಾವ ಗಿಡದ್ದರಿ?”

ಕಣ್ಣು ಮಂಜಾದ ಮುದುಕಿ ಎಲೆಯ ಅಡಿ ಸವರಿದಳು, ಸವರುತ್ತಲೇ ಇದ್ದಳು. “ಗೋಣಿ ಗಿಡದ್ದು. ನಮ್ಮ ತವರೂರಾಗ ಐತಿ, ಟೊಂಗಿ ಅಲ್ಲಿಂದ ತರಿಸಿದ್ನಿ. ಕೂಸಿನ ಮ್ಯಾಲ ಆಲ ಊರಿದ್ರ ನಿನಗ ಗುರ್ತ ಸಿಗತಿತ್ತು. ಹಸೀ ಬಾಣಂತಿ ನೀ, ಅಲ್ಲೇ ಕುಂತ ಅಳಕೋಂತ ನೀನೂ ಹೋಗತಿದ್ದಿ. ಇದೂ ಹಾಲಿನ ಗಿಡಾನ ಹೌದಲ್ಲ ಅಂತ...” ದನಿ ಇಳಿಯಿತು. “ಇನ್ನೂ ಅಳತೈತೇನ ನೀಲವ್ವ? ನನಗ ಇಲ್ಲಿ ಮಲಗಿದಲ್ಲೇ ಕೇಳತೈತಿ.”

ನೀಲಾಳಿಗೆ ಅತ್ತೆಯ ಮೇಲೆ ಕೆಂಡದಂಥ ಸಿಟ್ಟು ಬಂತು. ಈ ಮುದುಕಿಯೂ ಇಷ್ಟು ವರ್ಷ ಒಬ್ಬಳೇ ಕೇಳಿಸಿಕೊಂಡಳಲ್ಲ ಎಂದು ಆ ಸಿಟ್ಟಿನ ನಡುವೆಯೇ ಕರುಳು ಚುರುಕ್ಕೆಂದಿತು.

ಮರುದಿನ ಜೆಸಿಬಿ ಬಂದಾಗ ನೀಲಾ ಗಿಡದ ಬುಡದಲ್ಲಿ ಕೂತಿದ್ದಳು.

“ಏಳ ಹುಚ್ಚಿ, ಲಗೂ!” ಎಂದು ಪರಮೇಶಪ್ಪ ರೇಗಿದ.

“ನಮ್ಮ ಮಗಾ ಇಲ್ಲೇ ಅದಾನರಿ,” ಎಂದಳು. “ಅತ್ತೀನ ಹೇಳಿದ್ರು.”

ಪರಮೇಶಪ್ಪ ಡ್ರೈವರಿಗೆ ಕೈಸನ್ನೆ ಮಾಡಿ ಯಂತ್ರ ಬಂದ್ ಮಾಡಿಸಿದ. ಚಪ್ಪಲಿ ಕಳಚಿ ನೆರಳಿಗೆ ಬಂದ.

ನೀಲಾ ಎಲೆ ಮುರಿದು ಹಾಲಿನ ಹನಿಗಳನ್ನು ಮಣ್ಣಿಗೆ ಬೀಳಿಸಿದಳು. ಮಧ್ಯಾಹ್ನವಾಯಿತು. ಅಳು ಕೇಳಿಸಲಿಲ್ಲ. ಹೊಟ್ಟೆ ತುಂಬಿ ಮಲಗಿರಬೇಕು ಎಂದುಕೊಂಡಳು. ಗಂಡ ಮನೆಗೆ ಕರೆದರೂ ಏಳಲಿಲ್ಲ. ಇಷ್ಟು ವರ್ಷ ಇದೇ ನೆರಳಿನಲ್ಲಿ ಕಿವಿ ಮುಚ್ಚಿಕೊಂಡು ಕೂತವಳು ಈಗ ಮಣ್ಣಿಗೆ ಕಿವಿ ಹಚ್ಚಿ ಮಲಗಿದಳು, ಒಂದೇ ಒಂದು ಸಲ ಅಳು ಕೇಳಿಸಲಿ ಎಂದು.